ಯಂತ್ರದ ಜೊತೆಗೇ ಏಳುವ ವೆಬ್ ಸರ್ವರ್: ಕೆಲಸ ಎಲ್ಲಿಗೆ ಬಂದಿದೆ

ಪೈಥಾನ್‌ನಲ್ಲಿ ಬರೆದುಕೊಂಡ ನನ್ನ ಪುಟ್ಟ ವೆಬ್ ಸರ್ವರ್ ಈಗ ಲಿನಕ್ಸ್ ಯಂತ್ರ ಬೂಟ್ ಆದಾಗ, ಯಾರೂ ಲಾಗಿನ್ ಆಗದಿದ್ದರೂ, ತಾನಾಗಿಯೇ ಚಾಲನೆಗೆ ಬರುತ್ತಿದೆ. ಪ್ಯಾಕೇಜ್ ರೂಪದಲ್ಲಿ ಸಿಗುವ ಸರ್ವರ್‌ಗಳ ಜೊತೆಗೆ ಇದಕ್ಕೆ ಬೇಕಾದ ಯೂನಿಟ್ ಕಡತವೂ (ಪ್ರೋಗ್ರಾಮನ್ನು ಸೇವೆಯಾಗಿ ಹೇಗೆ, ಯಾವಾಗ ಆರಂಭಿಸಬೇಕೆಂದು ಹೇಳುವ ಕಡತ) ಬರುತ್ತದೆ. ಸ್ವಂತ ಪ್ರೋಗ್ರಾಮಿಗೆ ಅದನ್ನು ನಾವೇ ಬರೆಯಬೇಕು. ನಿಗದಿತ ಹೊತ್ತಿಗೆ ಪ್ರೋಗ್ರಾಮುಗಳನ್ನು ಓಡಿಸುವ ಕ್ರಾನ್‌ನ ಪಟ್ಟಿಯಾದ ಕ್ರಾನ್‌ಟ್ಯಾಬ್‌ನ ‘ರೀಬೂಟ್’ ಸಾಲಿನಿಂದಲೂ ಈ ಕೆಲಸ ಆಗುತ್ತಿತ್ತು. ಆದರೆ ಕ್ರಾನ್ ಪ್ರೋಗ್ರಾಮನ್ನು ಒಮ್ಮೆ ಶುರುಮಾಡಿ ಕೈತೊಳೆದುಕೊಳ್ಳುತ್ತದೆ, ಅದು ನಡುವೆ ನಿಂತುಹೋದರೆ ಮತ್ತೆ ಎಬ್ಬಿಸುವುದಿಲ್ಲ. ಹೀಗಾಗಿ, ಬೂಟ್ ವೇಳೆ ಸೇವೆಗಳನ್ನು ಆರಂಭಿಸಿ ಆಮೇಲೂ ಅವುಗಳ ಮೇಲೆ ನಿಗಾ ಇಡುವ ಸಿಸ್ಟಮ್‌ಡಿಯನ್ನು ಆರಿಸಿಕೊಂಡೆ.

‘ಸ್ಟಾರ್ಟ್’ ಆದೇಶ ಸೇವೆಯನ್ನು ಈ ಕ್ಷಣಕ್ಕೆ ಮಾತ್ರ ಆರಂಭಿಸುತ್ತದೆ. ‘ಎನೇಬಲ್’ ಎಂದಾಗ ಮಾತ್ರ ಮಲ್ಟಿ-ಯೂಸರ್ ಟಾರ್ಗೆಟ್‌ನ (ಟಾರ್ಗೆಟ್ ಎಂದರೆ ಬೂಟ್‌ನ ಒಂದು ಹಂತ) ಫೋಲ್ಡರಿನಲ್ಲಿ ಯೂನಿಟ್ ಕಡತಕ್ಕೊಂದು ಕೊಂಡಿ ಸೃಷ್ಟಿಯಾಗಿ, ಮುಂದಿನ ಬೂಟ್‌ನಲ್ಲೂ ಸೇವೆ ಏಳುತ್ತದೆ. ಕಡತದೊಳಗೆ ಪೈಥಾನ್‌ನ ಪೂರ್ಣ ಪಾಥ್ ಕೊಟ್ಟಿದ್ದೇನೆ, ಏಕೆಂದರೆ ಟರ್ಮಿನಲ್ ತೆರೆದಾಗ ಓದಲಾಗುವ ಶೆಲ್ ಸೆಟ್ಟಿಂಗ್‌ಗಳನ್ನು ಸಿಸ್ಟಮ್‌ಡಿ ಓದುವುದಿಲ್ಲ. ಸರ್ವರ್ ಎಲ್ಲ ಅಧಿಕಾರವುಳ್ಳ ರೂಟ್ ಬಳಕೆದಾರನಾಗಿ ಓಡಬಾರದೆಂದು ಪ್ರತ್ಯೇಕ ಬಳಕೆದಾರನನ್ನು ನೇಮಿಸಿ, 1024ಕ್ಕಿಂತ ಕೆಳಗಿನದಾದ್ದರಿಂದ ಸಾಮಾನ್ಯವಾಗಿ ರೂಟ್‌ಗಷ್ಟೇ ಮೀಸಲಾದ 80ನೇ ಪೋರ್ಟ್ ಬಳಸುವ ಅನುಮತಿಯೊಂದನ್ನೇ ಅವನಿಗೆ ಕೊಟ್ಟೆ.

ಹೆಚ್ಚು ಸಮಯ ಬೇಡಿದ್ದು ಏಳುವುದಲ್ಲ, ಸರಿಯಾದ ಹೊತ್ತಿಗೆ ಏಳುವುದು. ನನ್ನ ಸರ್ವರ್ ಒಂದು ನಿರ್ದಿಷ್ಟ ಐಪಿ ವಿಳಾಸದಲ್ಲಷ್ಟೇ ಕೋರಿಕೆಗಳನ್ನು ಕೇಳಿಸಿಕೊಳ್ಳುತ್ತದೆ, ಬೂಟ್‌ನ ಆರಂಭದಲ್ಲಿ ಆ ವಿಳಾಸವೇ ಇನ್ನೂ ಯಂತ್ರಕ್ಕೆ ಸಿಕ್ಕಿರುವುದಿಲ್ಲ. ‘ನೆಟ್‌ವರ್ಕ್ ಟಾರ್ಗೆಟ್’ ಆದ ಮೇಲೆ ಆರಂಭಿಸು ಎಂದು ಬರೆದರೆ ಸಾಕೆಂದು ಹೆಸರು ನೋಡಿದವರಿಗೆ ಅನಿಸುತ್ತದೆ, ಆದರೆ ನೆಟ್‌ವರ್ಕ್ ನಿರ್ವಹಿಸುವ ತಂತ್ರಾಂಶ ಶುರುವಾಗಿದೆ ಎಂಬುದಕ್ಕಿಂತ ಹೆಚ್ಚಿನದನ್ನು ಅದು ಹೇಳುವುದಿಲ್ಲ. ಬೇಕಾದದ್ದು ‘ನೆಟ್‌ವರ್ಕ್-ಆನ್‌ಲೈನ್ ಟಾರ್ಗೆಟ್’. ಅದನ್ನೂ ‘ಆಫ್ಟರ್’ ಮತ್ತು ‘ವಾಂಟ್ಸ್’ ಎರಡೂ ಸಾಲುಗಳಲ್ಲಿ ಬರೆಯಬೇಕು: ಮೊದಲನೆಯದು ಸರದಿಯನ್ನು ಮಾತ್ರ ನಿಗದಿಪಡಿಸುತ್ತದೆ, ಎರಡನೆಯದು ಆ ಟಾರ್ಗೆಟ್ಟನ್ನು ಬೂಟ್‌ನೊಳಕ್ಕೆ ಎಳೆದುತರುತ್ತದೆ. ಎಲ್ಲ ವಿಳಾಸಗಳಲ್ಲೂ ಕೇಳಿಸಿಕೊಳ್ಳುವ ಸರ್ವರ್‌ಗೆ ಇಷ್ಟೆಲ್ಲ ಕಾಯುವ ಅಗತ್ಯವಿಲ್ಲ, ವ್ಯರ್ಥವಾಗಿ ತಡವಾಗುತ್ತದೆ ಅಷ್ಟೇ.

ವಿಫಲವಾದರೆ ಮತ್ತೆ ಆರಂಭಿಸು ಎಂಬ ಸೂಚನೆಯಲ್ಲೂ ಒಂದು ಸೂಕ್ಷ್ಮವಿದೆ. ಮರುಯತ್ನಗಳ ನಡುವಿನ ಪೂರ್ವನಿಗದಿತ ಅಂತರ ಕೇವಲ 100 ಮಿಲಿಸೆಕೆಂಡ್. ಜೊತೆಗೆ 10 ಸೆಕೆಂಡಿನೊಳಗೆ 5 ಸಲ ಆರಂಭಿಸಿದ ಮೇಲೆ ಸಿಸ್ಟಮ್‌ಡಿ ಕೈಚೆಲ್ಲುತ್ತದೆ. ಶುರುವಾದ ಕೂಡಲೇ ಬೀಳುವ ಸೇವೆ ಇಷ್ಟೂ ಅವಕಾಶಗಳನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಕಳೆದುಕೊಳ್ಳಬಲ್ಲದು. ಅಂತರವನ್ನು 3 ಸೆಕೆಂಡಿಗೆ ಏರಿಸಿದ್ದರಿಂದ 10 ಸೆಕೆಂಡಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಆರಂಭಗಳಾಗುವುದಿಲ್ಲ, ಮಿತಿಯೂ ಅಡ್ಡ ಬರುವುದಿಲ್ಲ.

ಲಾಗ್ ವಿಷಯ ಬೇಗ ಮುಗಿಯಿತು. ಪೈಥಾನ್ ತನ್ನ ಔಟ್‌ಪುಟ್ಟನ್ನು ಬಫರ್‌ನಲ್ಲಿ ಹಿಡಿದಿಟ್ಟುಕೊಳ್ಳುವುದರಿಂದ ಸಿಸ್ಟಮ್‌ಡಿಯ ಲಾಗ್ ಆದ ಜರ್ನಲ್‌ನಲ್ಲಿ ಸಾಲುಗಳು ತಡವಾಗಿ ಕಾಣಿಸುತ್ತಿದ್ದವು. ಬಫರ್ ಬೇಡವೆನ್ನುವ ಎನ್ವಿರಾನ್ಮೆಂಟ್ ವೇರಿಯೇಬಲ್ ಸೇರಿಸಿದ ಮೇಲೆ ಆಗಿಂದಾಗಲೇ ಬರುತ್ತಿವೆ. ಪರೀಕ್ಷಿಸುವಾಗ ಯಂತ್ರವನ್ನು ರೀಬೂಟ್ ಮಾಡಿ, ಅದಕ್ಕೆ ಲಾಗಿನ್ ಆಗದೆ, ಮತ್ತೊಂದು ಯಂತ್ರದ ಬ್ರೌಸರ್‌ನಿಂದ ಪುಟ ತೆರೆದು ನೋಡುತ್ತೇನೆ. ಸರ್ವರ್ ಬಡಿಸುವ ಕಡತಗಳನ್ನು ಬೇರೆ ಡಿಸ್ಕಿಗೆ ಸಾಗಿಸುವುದು ಇನ್ನೂ ಬಾಕಿಯಿದೆ. ಆಗ ಆ ಡಿಸ್ಕ್ ಮೌಂಟ್ ಆಗುವವರೆಗೆ ಸೇವೆ ಕಾಯುವಂತೆ ‘ರಿಕ್ವೈರ್ಸ್ ಮೌಂಟ್ಸ್ ಫಾರ್’ ಸಾಲನ್ನೂ ಯೂನಿಟ್ ಕಡತಕ್ಕೆ ಸೇರಿಸುತ್ತೇನೆ.