ಪಿಕಪಿಕದ ಎರಡು ದನಿ: ಕೊನೆಗೂ ಸೂತ್ರ ಸಿಕ್ಕಿತು

ಜಪಾನಿ ಕಲಿಯುತ್ತಿರುವ ನನಗೆ ಒಂದೇ ಪದ ಎರಡು ದನಿಯಲ್ಲಿ ಕೇಳಿಸುವುದೇಕೆ ಅಂತ ಹೋದ ಸಲ ಬರೆದಾಗ ಹಾಗೇ ಬಿಟ್ಟಿದ್ದ ಗಂಟು ಈ ವಾರ ಬಿಚ್ಚಿಕೊಂಡಿತು. ಖುಷಿಗೆ ರಾತ್ರಿ ನಿದ್ದೆಯೇ ಬರಲಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ಜಪಾನಿಯ ‘ಪಿಕಪಿಕ’, ಅಂದರೆ ನಮ್ಮ ಫಳಫಳ, ಅನ್ನುವ ಪದ ಎರಡು ಥರ ಕೇಳಿಸುತ್ತಿತ್ತು. ಒಮ್ಮೆ ‘ಪಿ’ ಎತ್ತರದಲ್ಲಿದ್ದು, ಆಮೇಲೆ ದನಿ ಇಳಿಯುತ್ತದೆ. ಇನ್ನೊಮ್ಮೆ ‘ಪಿ’ ತಗ್ಗಿನಲ್ಲಿ ಶುರುವಾಗಿ, ಮುಂದಿನದೆಲ್ಲ ಒಂದೇ ಎತ್ತರದಲ್ಲಿ ಸಾಗುತ್ತದೆ. ಟೋಕಿಯೊ, ಒಸಾಕಾ ಅಂತ ಊರಿನ ವ್ಯತ್ಯಾಸ ಇರಬಹುದಾ? ಅದೂ ಅಲ್ಲ. ಒಬ್ಬರೇ ವಾರ್ತಾವಾಚಕಿಯ ಬಾಯಲ್ಲಿ ಎರಡೂ ಬಂದವು.

ಪದ ನೆನಪಿಡಲು ದುಡ್ಡು ಕೊಟ್ಟು ಕೊಂಡ, ದನಿಯೂ ಇರುವ ಕಾರ್ಡ್ ಕಟ್ಟಿನಿಂದ ಏನೂ ಉಪಯೋಗವಾಗಲಿಲ್ಲ. ಅದರಲ್ಲಿ ಇಂಥ ಪದಗಳನ್ನೆಲ್ಲ ವಾಕ್ಯವಿಲ್ಲದೆ, ಸುಮ್ನೆ ಒಂಟಿಯಾಗಿ ಓದಿಸಿದ್ದಾರೆ. ಅರ್ಥದ ಜಾಗದಲ್ಲಿ ‘ಹೊಳೆಯುವುದು’ ಅಂತ ಒಂದೇ ಪದ. ಮಾರಿದವರಿಗೆ ಬರೆದು ಕೇಳಿದೆ. ಮುಂದಿನ ಆವೃತ್ತಿಯಲ್ಲಿ ನೋಡುತ್ತೇವೆ ಅಂದರು. ನಿಘಂಟು ತರಿಸಿದ ಅಂಗಡಿಯದು ಇನ್ನೊಂದು ಕಥೆ. ಪುಸ್ತಕದ ಬೆಲೆಗಿಂತ ಸಾಗಣೆ ಖರ್ಚೇ ಜಾಸ್ತಿ. ಬಂದ ಪ್ರತಿಯ ಮೂಲೆ ಮುರಿದಿತ್ತು.

ದಾರಿ ತೋರಿಸಿದ್ದು ಪುಕ್ಕಟೆ ಸಿಗುವ ಸಾಮಗ್ರಿ. ಜಪಾನಿನ ರಾಷ್ಟ್ರೀಯ ಭಾಷಾ ಸಂಸ್ಥೆ, ಅಂದರೆ ಕೊಕುಗೊಕೆನ್, 2011ರಲ್ಲಿ ಬಿಡುಗಡೆ ಮಾಡಿದ ಬರಹಗಳ ಸಂಗ್ರಹದಲ್ಲಿ 10 ಕೋಟಿಗೂ ಹೆಚ್ಚು ಪದಗಳಿವೆ. ಅಲ್ಲಿ ದನಿ ಇಲ್ಲ, ಬರೀ ಬರಹ. ಆದರೆ ಪಿಕಪಿಕದ ನಂತರ ಏನು ಬರುತ್ತದೆ ಅನ್ನುವುದನ್ನು ಬೇರೆ ಬೇರೆ ಗುಂಪು ಮಾಡಬಹುದು. ಆ ಗುಂಪುಗಳನ್ನು ನಾನು ಕೂಡಿಟ್ಟಿದ್ದ ರೇಡಿಯೊ ತುಣುಕುಗಳ ಜೊತೆ ಹೊಂದಿಸಿ ಕೇಳುತ್ತಾ ಹೋದೆ. ಚಿತ್ರ ತಾನಾಗಿ ಮೂಡಿತು.

ಕ್ರಿಯೆ ಕಣ್ಣೆದುರು ನಡೆಯುತ್ತಿದ್ದರೆ ಅತಮದಕ, ಅಂದರೆ ಮೊದಲ ಅಕ್ಷರ ಎತ್ತರದಲ್ಲಿದ್ದು ಆಮೇಲೆ ಇಳಿಯುವ ದನಿ. ಕ್ರಿಯೆ ಮುಗಿದು ಉಳಿದ ಸ್ಥಿತಿಯಾದರೆ ಹೇಬನ್, ಅಂದರೆ ಸಮತಟ್ಟು ದನಿ. ‘ಪಿಕಪಿಕ ಹಿಕರು’, ದೀಪ ಮಿನುಗುತ್ತಿದೆ: ಮೊದಲ ಅಕ್ಷರ ಎತ್ತರ. ‘ಕುತ್ಸು ಗ ಪಿಕಪಿಕ ದ’, ಬೂಟು ಉಜ್ಜಿ ಆಗಿದೆ, ಈಗ ಫಳಫಳ: ದನಿ ಸಮತಟ್ಟು. ಪದದ ನಂತರ ‘ತೊ’ ಅಥವಾ ‘ಸುರು’ ಬಂದರೆ ಮೊದಲನೆಯದು. ‘ನಿ’, ‘ನೊ’, ‘ದ’ ಬಂದರೆ ಎರಡನೆಯದು.

ಬೇರೆ ಪದಗಳ ಮೇಲೆ ಹಾಕಿ ನೋಡಿದೆ. ಆಲಿಕಲ್ಲು ‘ಬರಬರ ತೊ’ ಬಿದ್ದರೆ ಎತ್ತರದಿಂದ ಇಳಿಯುತ್ತದೆ. ಗಡಿಯಾರ ಬಿಚ್ಚಿ ಭಾಗಗಳೆಲ್ಲ ‘ಬರಬರ ನಿ’ ಆದರೆ ಸಮತಟ್ಟು. ತಲೆ ಸುತ್ತಿ ‘ಫುರಫುರ ಸುರು’ ಒಂದು, ಸುಸ್ತಾಗಿ ‘ಫುರಫುರ ನಿ ನರು’ ಇನ್ನೊಂದು. ಗಾಲಿ ‘ಕರಕರ’ ತಿರುಗುವಾಗ ಒಂದು, ಗಂಟಲು ಒಣಗಿ ‘ಕರಕರ ದ’ ಅನ್ನುವಾಗ ಇನ್ನೊಂದು.

‘ತೊ’, ‘ನಿ’ ಥರದ ಈ ಪುಟ್ಟ ಪದ ಬಿಟ್ಟುಹೋದಾಗ? ಇಲ್ಲೇ ನಿಜವಾದ ಸೊಗಸು ಇರುವುದು. ‘ಪೆರಪೆರ ಶಬೆರು’ ಅಂದರೆ ಪಟಪಟ ಮಾತಾಡುತ್ತಲೇ ಇರುವುದು: ‘ಪೆ’ ಎತ್ತರ. ‘ನಿಹೊಂಗೊ ಪೆರಪೆರ’ ಅಂತ ನಮ್ಮನ್ನು ಹೊಗಳಿದರೆ, ಜಪಾನಿ ಭಾಷೆ ಸರಾಗವಾಗಿ ಬರುತ್ತದೆ ಎಂಬ ಸ್ಥಿತಿ: ಸಮತಟ್ಟು. ನಂತರ ಅಂಥ ಪುಟ್ಟ ಪದ ಯಾವುದೂ ಇಲ್ಲ, ಅರ್ಥವೇ ದನಿಯನ್ನು ಆರಿಸುತ್ತದೆ. ಹಾಗಾಗಿ ಪ್ರತಿ ಪದಕ್ಕೂ ಈಗ ಎರಡೆರಡು ಕಾರ್ಡ್ ಮಾಡುತ್ತಿದ್ದೇನೆ, ಎರಡಕ್ಕೂ ಪೂರ್ತಿ ವಾಕ್ಯ ಹಾಕಿ.

ಕನ್ನಡದವರಿಗೆ ಇಲ್ಲೊಂದು ದೊಡ್ಡ ಅನುಕೂಲ ಇದೆ. ‘ಪಿಕಪಿಕ ತೊ’ ಅನ್ನುವಲ್ಲಿ ಬರುವ ‘ತೊ’ ನಮ್ಮ ‘ಅಂತ’ ಮಾಡುವ ಕೆಲಸವನ್ನೇ ಮಾಡುತ್ತದೆ. ಫಳಫಳ ಅಂತ ಹೊಳೆಯಿತು, ಬರ್ತೀನಿ ಅಂತ ಹೇಳಿದ: ನಾವು ಎರಡೂ ಕಡೆ ಒಂದೇ ಪದ ಹಾಕುತ್ತೇವೆ. ಅವರೂ ಹಾಗೇ, ‘ಕುರು ತೊ ಇತ್ತ’. ಶಾಲೆಯಲ್ಲಿ ಓದಿದ ಅನುಕರಣಾವ್ಯಯ ಇಲ್ಲಿ ಕೈಹಿಡಿಯುತ್ತದೆ, ಅಲ್ವಾ? ಆದರೆ ಕಿವಿಯನ್ನು ಪೂರ್ತಿ ನಂಬಬೇಡಿ. ನಮ್ಮ ಸರಸರ ಅಂದರೆ ಬೇಗ ಬೇಗ. ಅವರ ‘ಸರಸರ’ ಅಂದರೆ ನುಣುಪಾದ ಕೂದಲು, ಸಲೀಸಾಗಿ ಹರಿಯುವ ತೊರೆ. ಅದನ್ನೇ ‘ಜರಜರ’ ಮಾಡಿದರೆ ಒರಟು, ಮರಳು ಮರಳು.

ಕಿವಿ ಅಂದಾಗ ನೆನಪಾಯಿತು. ಮುಂದಿನ ಕೆಲಸ ನೋವಿನ ಪದಗಳು. ಇದು ಬರೀ ಹವ್ಯಾಸದ ಮಾತಲ್ಲ. ಜಪಾನಿನಲ್ಲಿ ಡಾಕ್ಟರ ಮುಂದೆ ನೋವನ್ನು ಹೇಳುವುದೇ ಹೀಗೆ. ‘ಜುಕಿಜುಕಿ’ ಅಂದರೆ ನಾಡಿ ಬಡಿದ ಹಾಗೆ ಮಿಡಿಯುವ ನೋವು. ‘ಗನ್‌ಗನ್’ ಅಂದರೆ ತಲೆ ಸಿಡಿಯುವುದು. ‘ಶಿಕುಶಿಕು’ ಅಂದರೆ ಹೊಟ್ಟೆಯಲ್ಲಿ ಬಿಡದೆ ಕಾಡುವ ಮಂದ ನೋವು. ಮೆಲ್ಲಗೆ ಬಿಕ್ಕಿ ಅಳುವುದಕ್ಕೂ ಇದೇ ಪದ. ‘ಹಿರಿಹಿರಿ’ಗೆ ನಮ್ಮ ಚುರುಚುರು ಚೆನ್ನಾಗಿ ಹೊಂದುತ್ತದೆ. ಆದರೆ ಸುಮ್ನೆ ಕಿರಿಕಿರಿ ಆಗ್ತಿದೆ ಅನ್ನುವ ಅರ್ಥದಲ್ಲಿ ಹೊಟ್ಟೆ ಮುಟ್ಟಿಕೊಂಡು ‘ಕಿರಿಕಿರಿ’ ಅಂದುಬಿಟ್ಟರೆ, ಅವರಿಗೆ ತಿಳಿಯುವುದು ತಿವಿಯುವ ನೋವು!

ನೋವಿನ ಪದಗಳಿಗೆ ನಾನು ಮಾಡುವ ಕಾರ್ಡ್ ಕಟ್ಟಿನಲ್ಲಿ ಇಂಗ್ಲಿಷ್ ಅರ್ಥ ಹಾಕುವುದಿಲ್ಲ, ಕನ್ನಡದ್ದೇ ಹಾಕುತ್ತೇನೆ. ‘ಜುಕಿಜುಕಿ’ಗೆ ಸರಿಯಾದ ಜೋಡಿ ಇನ್ನೂ ಸಿಕ್ಕಿಲ್ಲ. ಹಲ್ಲು ನೋವು ಮಿಡಿಯುವಾಗ ನಿಮ್ಮ ಮನೆಯ ಹಿರಿಯರು ಏನಂತಾರೆ? ಧಾರವಾಡ, ಮಂಗಳೂರು, ಮೈಸೂರು, ಯಾವ ಕಡೆಯದಾದರೂ ಸರಿ, ಊರಿನ ಹೆಸರು ಸೇರಿಸಿ ಕಳಿಸಿ.