ಬ್ಯಾಟರಿ ಗರಗಸ: ಚಾರ್ಜ್ ಆಮೇಲೆ ಕೇಳಿ, ಮೊದಲು ಚೈನ್ ನೋಡಿ

ಮನೆಗೆ ಬ್ಯಾಟರಿ ಗರಗಸ ತಂದಾಗಿನಿಂದ ಓಣಿಯವರು, ಹೊಲದ ಕಡೆಯ ನೆಂಟರು ಎಲ್ಲರೂ ಕೇಳುವುದು ಒಂದೇ ಮಾತು. "ಒಮ್ಮೆ ಚಾರ್ಜ್ ಮಾಡಿದ್ರ ಎಷ್ಟು ಹೊತ್ತು ಬರ್ತೈತಿ?" ನಾನು ತಿರುಗಿ ಕೇಳುತ್ತೇನೆ: ಯಾವ ಗಿಡ ಕಡಿಯುತ್ತೀರಿ, ಚೈನಿಗೆ ಅರ ಹಾಕಿ ಎಷ್ಟು ದಿನ ಆಯ್ತು? ಬ್ಯಾಟರಿ ಎಷ್ಟು ಹೊತ್ತು ಬಾಳುತ್ತದೆ ಅನ್ನೋದು ಚೈನಿನ ಹಲ್ಲಿನ ಮೇಲೆ ನಿಂತಿದೆ.

ಇದನ್ನು ಕಣ್ಣಾರೆ ನೋಡಬಹುದು. ಹರಿತ ಚೈನ್ ಕೊಯ್ಯುವಾಗ ಕಟ್ಟಿಗೆಯ ಸಣ್ಣ ಸಣ್ಣ ಚಕ್ಕೆ ಬೀಳುತ್ತವೆ, ಗರಗಸ ತಾನಾಗಿಯೇ ಒಳಗೆ ಇಳಿಯುತ್ತದೆ. ಮೊಂಡಾದ ಚೈನ್ ಆದರೆ ಹಿಟ್ಟಿನಂಥ ಪುಡಿ ಉದುರುತ್ತದೆ, ನೀವು ಒತ್ತಬೇಕಾಗುತ್ತದೆ, ಒತ್ತಿದಷ್ಟೂ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಬ್ಯಾಟರಿ ಬಿಸಿಯಾಗಿ ಬೇಗ ಇಳಿದುಹೋಗುತ್ತದೆ. ಪುಡಿ ಕಂಡ ತಕ್ಷಣ ನಿಲ್ಲಿಸಿ. ಇನ್ನೊಂದು ಬ್ಯಾಟರಿಗೆ ಸಾವಿರಾರು ರೂಪಾಯಿ ಹಾಕುವ ಮೊದಲು ಒಂದು ದುಂಡನೆಯ ಅರ ತಗೊಳ್ಳಿ. ಮನೆ ಬಳಕೆಯ ಗರಗಸಗಳಲ್ಲಿ 3/8 ಇಂಚಿನ ಲೋ ಪ್ರೊಫೈಲ್ ಚೈನ್ (ಹಲ್ಲು ಗಿಡ್ಡ ಇರುವಂಥದ್ದು) ಇದ್ದರೆ ಅದಕ್ಕೆ 4 ಮಿಲಿಮೀಟರ್ ಅರ ಸರಿಹೋಗುತ್ತದೆ. ಒಳಗಿನಿಂದ ಹೊರಗೆ, ಮುಂದಕ್ಕೆ ಮಾತ್ರ ತಳ್ಳಬೇಕು, ಎಲ್ಲ ಹಲ್ಲಿಗೂ ಒಂದೇ ಲೆಕ್ಕದಷ್ಟು ಸಲ. ಒಂದು ಕಡೆಯ ಹಲ್ಲುಗಳು ಮುಗಿದ ಮೇಲೆ ಇನ್ನೊಂದು ಕಡೆಯವು. ಚೈನಿಗೆ ಕೈ ಹಾಕುವ ಮೊದಲು ಬ್ಯಾಟರಿ ಕಿತ್ತು ಪಕ್ಕಕ್ಕಿಡಿ, ಪ್ರತಿ ಸಲವೂ.

ನಮ್ಮ ವಿಜಯಪುರದ ಕಡೆ ಚೈನ್ ಬೇಗ ಮೊಂಡಾಗಲು ಕಾರಣಗಳೂ ಜಾಸ್ತಿ. ಬೇಸಿಗೆಯ ಧೂಳು ತೊಗಟೆಯ ಸಂದಿಯಲ್ಲೆಲ್ಲ ಕೂತಿರುತ್ತದೆ. ಕೊಯ್ಯುವ ಜಾಗವನ್ನು ಕಸಬರಿಗೆಯಿಂದ ಒಮ್ಮೆ ಬಳಿದರೂ ಸಾಕು, ಫರಕು ಗೊತ್ತಾಗುತ್ತದೆ. ಆಮೇಲೆ ಮನೆ ಮುಂದಿನ ಬೇವಿನ ಗಿಡ ಅಂದರೆ ಅದಕ್ಕೆ ಬಡಿಯದ ಮೊಳೆ ಇರಲ್ಲ, ಅಲ್ವಾ? ಬಟ್ಟೆ ಒಣಹಾಕೋ ತಂತಿ, ಬಲ್ಬಿನ ಹೋಲ್ಡರ್, ಯಾವುದೋ ಕಾಲದಲ್ಲಿ ಎಮ್ಮೆ ಕಟ್ಟಲು ಹೊಡೆದ ಕೊಂಡಿ, ಎಲ್ಲವನ್ನೂ ಗಿಡ ನುಂಗಿಕೊಂಡು ಬೆಳೆದಿರುತ್ತದೆ. ಒಂದು ಮೊಳೆ ತಾಗಿದರೆ ಹಲ್ಲು ಹೋಯಿತು. ಮನೆಯ ಹಿರಿಯರನ್ನು ಕೇಳಿ, ಎಲ್ಲೆಲ್ಲಿ ಏನೇನು ಬಡಿದಿದ್ದರು ಅಂತ ಅವರಿಗೆ ನೆನಪಿರುತ್ತದೆ.

ಬಳ್ಳಾರಿ ಜಾಲಿಯ ಮಾತೇ ಬೇರೆ. ಕಟ್ಟಿಗೆ ಗಟ್ಟಿ, ಮುಳ್ಳು, ಟೊಂಗೆಗಳೆಲ್ಲ ಸೊಟ್ಟ, ಒಂದರೊಳಗೊಂದು ಸಿಕ್ಕಿಕೊಂಡು ಬಿಗಿದು ನಿಂತಿರುತ್ತವೆ. ಕೊಯ್ದ ತಕ್ಷಣ ಯಾವ ಕಡೆ ಚಿಮ್ಮುತ್ತದೆ ಅಂತ ಮೊದಲೇ ನೋಡಿಕೊಂಡು ನಿಲ್ಲಬೇಕು. ಬಾರ್, ಅಂದರೆ ಚೈನ್ ಸುತ್ತಿ ಓಡುವ ಉದ್ದನೆಯ ಪಟ್ಟಿ, ಸಿಕ್ಕಿಕೊಂಡರೆ ಎಳೆದಾಡಬೇಡಿ, ಬ್ಯಾಟರಿ ತೆಗೆದು, ಟೊಂಗೆಯನ್ನು ಎತ್ತಿ ಹಿಡಿಸಿ ಬಿಡಿಸಿಕೊಳ್ಳಿ. ಮತ್ತೆ ಅದನ್ನು ನೆಲಮಟ್ಟಕ್ಕೆ ಕೊಯ್ಯಲು ಹೋಗಿ ಚೈನನ್ನು ಎರೆಮಣ್ಣಿಗೆ ತಾಗಿಸಬೇಡಿ. ಬೊಡ್ಡೆ ಬಿಟ್ಟರೆ ಹೇಗೂ ಚಿಗುರಿಯೇ ಚಿಗುರುತ್ತದೆ, ಅದಕ್ಕೆ ಗುದ್ದಲಿಯೇ ಬೇಕು.

ಬ್ಯಾಟರಿದು ಅಂದಮೇಲೆ ಎಣ್ಣೆ ಯಾಕೆ ಅಂತ ಸುಮಾರು ಜನ ಕೇಳುತ್ತಾರೆ. ಪೆಟ್ರೋಲಿಗೆ ಟೂಟಿ ಆಯಿಲ್ ಬೆರೆಸುವ ಕೆಲಸ ತಪ್ಪಿತು, ಆದರೆ ಬಾರ್ ಮೇಲೆ ಓಡುವ ಚೈನಿಗೆ ಎಣ್ಣೆ ಬೇಕೇ ಬೇಕು. ಒಣ ಚೈನ್ ಅಂದರೆ ಮತ್ತೆ ಉಜ್ಜಾಟ, ಮತ್ತೆ ಚಾರ್ಜ್ ಖರ್ಚು. ಗ್ಯಾರೇಜಿನಲ್ಲಿ ತೆಗೆದ ಹಳೆ ಇಂಜಿನ್ ಆಯಿಲ್ ಸುರಿಯಬೇಡಿ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಜೊತೆಗೆ ಅದೆಲ್ಲ ಸಿಡಿದು ಬೀಳುವುದು ನಿಮ್ಮದೇ ಹಿತ್ತಲಿನ ಮಣ್ಣಿಗೆ. ಗರಗಸವನ್ನು ಹಿಡಿಕೆಯಲ್ಲೇ ಹಿಡಿದು, ಬಾರಿನ ತುದಿಯನ್ನು ಒಂದು ರಟ್ಟಿನ ಕಡೆ ತಿರುಗಿಸಿ, ತಾಗಿಸದೆ ಓಡಿಸಿ ನೋಡಿ. ಎಣ್ಣೆಯ ಸಣ್ಣ ಗೆರೆ ಮೂಡಿದರೆ ಪಂಪ್ ಸರಿ ಇದೆ.

ಕೊಳ್ಳುವಾಗ ವೋಲ್ಟ್ ನೋಡಿ ಮರುಳಾಗಬೇಡಿ. 18, 20, 21 ವೋಲ್ಟ್ ಅಂತ ಬೇರೆ ಬೇರೆ ಬರೆದಿದ್ದರೂ ಸಾಮಾನ್ಯವಾಗಿ ಒಳಗೆ ಸಾಲಾಗಿ ಇರುವುದು ಅದೇ 5 ಸೆಲ್. ತುಂಬಿದ ಸೆಲ್ 4.2 ವೋಲ್ಟ್, ಐದಕ್ಕೆ 21. ಅದನ್ನೇ ಸೆಲ್ಲಿಗೆ ಸರಾಸರಿ 3.6 ವೋಲ್ಟಿನ ಲೆಕ್ಕ ಹಿಡಿದರೆ 18. ವೋಲ್ಟನ್ನು ಆಂಪ್ ಅವರ್‌ನಿಂದ ಗುಣಿಸಿದರೆ ವ್ಯಾಟ್ ಅವರ್, ಅಂದರೆ ಬ್ಯಾಟರಿಯಲ್ಲಿ ಒಟ್ಟು ಎಷ್ಟು ಶಕ್ತಿ ಇದೆ ಅನ್ನೋದು, ಸಿಗುತ್ತದೆ: 36 ವೋಲ್ಟ್, 4 ಆಂಪ್ ಅವರ್ ಅಂದರೆ 144. ಹೋಲಿಸುವುದಾದರೆ ಆ ಸಂಖ್ಯೆಯನ್ನು ಹೋಲಿಸಿ. ಒಂದೇ ಕೈಯಲ್ಲಿ ಹಿಡಿಯುವ ಅಗ್ಗದ ಪುಟ್ಟ ಗರಗಸಗಳಲ್ಲಿ ಹಲವಕ್ಕೆ ಚೈನ್ ಬ್ರೇಕ್ (ಗರಗಸ ಎಗರಿದಾಗ ಚೈನನ್ನು ತಕ್ಷಣ ನಿಲ್ಲಿಸುವ ಭಾಗ) ಇರುವುದಿಲ್ಲ, ನನಗಂತೂ ಅವು ಬೇಡ.

ಇನ್ನು ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ, ಅದರ ಮೇಲೆ ಕೆಲಸದ ಬಿಸಿ. ಕಾದ ಬ್ಯಾಟರಿಯನ್ನು ಒಯ್ದು ಹಾಗೇ ಚಾರ್ಜರಿಗೆ ಹಾಕಿದರೆ ಅದರ ಆಯುಷ್ಯ ಕಡಿಮೆಯಾಗುತ್ತದೆ. ಒಳಗೆ ನೆರಳಲ್ಲಿ ಆರಲು ಬಿಡಿ, ಪತ್ರಾಸ್ ಶೆಡ್ಡಿನಲ್ಲಿ ಬೇಡ, ಕಾರಿನೊಳಗೂ ಬೇಡ. ನಾನು ಬೆಳಗ್ಗೆ ಬಿಸಿಲು ಏರುವ ಮೊದಲೇ ಟೊಂಗೆ ಕೆಲಸ ಮುಗಿಸುತ್ತೇನೆ. ರೋಹಿಣಿ, ಮಿರಗದ ಗಾಳಿ ಮಳೆ ಶುರುವಾಗುವ ಮುಂಚೆ ಮನೆ ಮೇಲೆ ಬಾಗಿದ ಟೊಂಗೆ ಇಳಿಸಿಬಿಡಬೇಕು.

ಬೇವಿನ ದಪ್ಪ ಟೊಂಗೆಯನ್ನು ಮೇಲಿಂದ ಒಂದೇ ಸಲ ಕೊಯ್ದರೆ ಅದು ಭಾರಕ್ಕೆ ಬಾಗಿ ಬೊಡ್ಡೆಯ ತೊಗಟೆ ಸಮೇತ ಸೀಳಿಕೊಂಡು ಬರುತ್ತದೆ. ಅದಕ್ಕೇ ಬೊಡ್ಡೆಯಿಂದ ಒಂದು ಗೇಣು ಬಿಟ್ಟು ಮೊದಲು ಕೆಳಗಿನಿಂದ ಸ್ವಲ್ಪ, ಆಮೇಲೆ ಇನ್ನಷ್ಟು ಹೊರಗೆ ಮೇಲಿನಿಂದ ಪೂರ್ತಿ, ಕೊನೆಗೆ ಉಳಿದ ತುಂಡನ್ನು ಟೊಂಗೆ ಹುಟ್ಟುವ ಉಬ್ಬಿನ ಹೊರಗೆ. ಉಬ್ಬು ಉಳಿದರೆ ಗಾಯ ಮುಚ್ಚಿಕೊಳ್ಳುತ್ತದೆ. ಬಾರಿನ ತುದಿಯ ಮೇಲ್ಭಾಗ ಯಾವುದಕ್ಕೂ ತಾಗಬಾರದು, ತಾಗಿದರೆ ಗರಗಸ ನಿಮ್ಮ ಮುಖದ ಕಡೆಗೇ ಎಗರುತ್ತದೆ. ಏಣಿ ಮೇಲೆ ನಿಂತು, ಹೆಗಲಿಗಿಂತ ಎತ್ತರದಲ್ಲಿ ಕೊಯ್ಯುವುದು ಬೇಡವೇ ಬೇಡ. ಕಣ್ಣಿಗೆ ಕನ್ನಡಕ, ಕಾಲಿಗೆ ಗಟ್ಟಿ ಬೂಟು ಇರಲಿ, ಹೆಗಲ ಮೇಲಿನ ಟಾವೆಲ್ ತೆಗೆದಿಡಿ.

ಸಪ್ಪಳ ಕಡಿಮೆ ಇರುವುದು ಇದರ ದೊಡ್ಡ ಗುಣ, ನನಗೆ ಅದರದ್ದೇ ದೊಡ್ಡ ಭಯ ಕೂಡ. ಪೆಟ್ರೋಲ್ ಗರಗಸ ಕೂಗಿದರೆ ಇಡೀ ಓಣಿ ದೂರ ಸರಿಯುತ್ತದೆ. ಇದು ಬಟನ್ ಬಿಟ್ಟರೆ ಸುಮ್ಮನಾಗುತ್ತದೆ. ಬೇವಿನ ಸೊಪ್ಪು ನೆಲಕ್ಕೆ ಬಿದ್ದದ್ದೇ ತಡ ಆಡುಗಳು ಬಂದು ಟೊಂಗೆಯ ಕೆಳಗೇ ನಿಲ್ಲುತ್ತವೆ, ಅವುಗಳ ಹಿಂದೆ ಹುಡುಗರು. ಅದಕ್ಕೆ ಕೆಳಗೆ ಕಾಯಲು ಒಬ್ಬರನ್ನು ನಿಲ್ಲಿಸದೆ ನಾನು ಶುರು ಮಾಡುವುದಿಲ್ಲ.

ಪೂರ್ತಿ ಗಿಡ ಕಡಿಯುವುದಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಬೇವಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ನಮ್ಮ ಅಂಗಳದಲ್ಲೇ ಇದ್ದರೂ. ಬಳ್ಳಾರಿ ಜಾಲಿಗೆ ವಿನಾಯಿತಿ ಇದೆ. ಟೊಂಗೆ ಕರೆಂಟಿನ ತಂತಿಗೆ ತಾಗಿದ್ದರೆ ಗರಗಸ ಹೊರಗೇ ತೆಗೆಯಬೇಡಿ, ನಮ್ಮ ಕಡೆಯ ವಿದ್ಯುತ್ ಕಂಪನಿ ಹೆಸ್ಕಾಂನ 1912ಕ್ಕೆ ಫೋನ್ ಮಾಡಿ, ಲೈನ್‌ಮನ್ ಬರುವ ತನಕ ಆ ಟೊಂಗೆಯ ಹತ್ತಿರ ಯಾರನ್ನೂ ಬಿಡಬೇಡಿ.