ದರಿಯಾ ದೌಲತ್ ಗೋಡೆಯಿಂದ ಏಡನ್ ಕೊಲ್ಲಿವರೆಗೆ

ಶ್ರೀರಂಗಪಟ್ಟಣಕ್ಕೆ ಹೋದವರು ಮೊದಲು ರಂಗನಾಥನ ಗುಡಿಗೆ ಹೋಗುವುದು ವಾಡಿಕೆ. ನಾವೂ ಕೈಮುಗಿದು ಬಂದು, ಆಟೋ ಹಿಡಿದು ದರಿಯಾ ದೌಲತ್ ಸೇರಿದೆವು. ಜೊತೆಗೆ ನಮ್ಮ ಭಾವ. ಮಂಡ್ಯದ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ನೌಕಾಪಡೆ ಸೇರಿ, ಪೆನ್ಷನ್ ಆದ ಮೇಲೆ ಊರಿಗೆ ವಾಪಸ್ ಬಂದವರು. ಕಬ್ಬಿನ ಗದ್ದೆ ಬದುವಿನ ಮೇಲೆ ಕೂತೂ ಅವರು ಕಡಲಿನ ವಿಷಯವನ್ನೇ ಮಾತಾಡುತ್ತಾರೆ.

1784ರಲ್ಲಿ ಟಿಪ್ಪು ಕಟ್ಟಿಸಿದ ಈ ಬೇಸಿಗೆ ಅರಮನೆಯ ಹೊರಗೋಡೆ ತುಂಬ ಚಿತ್ರ. ಪಶ್ಚಿಮದ ಗೋಡೆಯಲ್ಲಿ ಹೈದರ್, ಟಿಪ್ಪು ಸೇರಿ ಇಂಗ್ಲಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧ. ಪಲ್ಲಕ್ಕಿಯಲ್ಲಿ ಇಂಗ್ಲಿಷರ ಕರ್ನಲ್ ಬೈಲಿ, ಸುತ್ತ ಕೆಂಪು ಕೋಟಿನ ಸಿಪಾಯಿಗಳು, ಸಿಡಿಯುತ್ತಿರುವ ಮದ್ದಿನ ಗಾಡಿ. ಜನ ಮೊಬೈಲ್ ಹಿಡಿದು ಅಲ್ಲೇ ನಿಂತುಬಿಡುತ್ತಾರೆ. ಭಾವ ನಿಂತಿದ್ದು ಇನ್ನೊಂದು ಚಿತ್ರದ ಮುಂದೆ. ಅದರಲ್ಲಿ ಹೈದರಾಬಾದಿನ ನಿಜಾಮನ ದಂಡು ಯುದ್ಧಕ್ಕೆ ಹೊತ್ತು ಮೀರಿ ಬರುತ್ತಿದೆ. ಹತ್ತಿರದಲ್ಲೇ ಒಂದು ಹಂದಿ, ಒಂದು ಹಸು. "ಹಂದಿ ಥರ ನುಗ್ಗಿ ಬಂದ, ಹಸು ಥರ ವಾಪಸ್ ಹೋದ ಅಂತ ಗೇಲಿ ಮಾಡಿ ಬರೆಸಿದ್ದು ಸಾರ್" ಎಂದು ಗೈಡ್ ನಕ್ಕ.

ಭಾವ ನಗಲಿಲ್ಲ. "ಪಕ್ಕದೋನ್ನ ಗೋಡೆ ಮೇಲೆ ಬರೆಸಿ ನಗಾಡುದ್ರೆ, ಕಷ್ಟ ಬಂದಾಗ ಅವ್ನು ಬತ್ತಾನಾ?" ಅಂದರು.

ಬಂದ, ಆದರೆ ಎದುರಾಳಿಯಾಗಿ. 1790ರಲ್ಲಿ ನಿಜಾಮನೂ ಮರಾಠರೂ ಇಂಗ್ಲಿಷರ ಜೊತೆ ಸೇರಿದರು. 1792ರ ಮಾರ್ಚ್‌ನಲ್ಲಿ ಇದೇ ಪಟ್ಟಣದಲ್ಲಿ ಒಪ್ಪಂದವಾಗಿ ಅರ್ಧ ರಾಜ್ಯ ಹೋಯಿತು. ಮೇಲೆ 3 ಕೋಟಿ 30 ಲಕ್ಷ ರೂಪಾಯಿ ದಂಡ, ಇಬ್ಬರು ಮಕ್ಕಳು ಒತ್ತೆ. ಮಲಬಾರ್ ಕರಾವಳಿಯೂ ಕೈಬಿಟ್ಟಿತು. ಹಾಗಂತ ಟಿಪ್ಪುವಿಗೆ ಕಡಲಾಚೆಯ ಸ್ನೇಹದ ಬೆಲೆ ಗೊತ್ತಿರಲಿಲ್ಲ ಅಂತ ಅಲ್ಲ. ಮಸ್ಕತ್‌ನಲ್ಲಿ ಅವನ ವ್ಯಾಪಾರದ ಕೋಠಿ ಇತ್ತು. 1786ರಲ್ಲಿ ಉತ್ತರ ಕನ್ನಡದ ತದಡಿಯಿಂದ ನಾಲ್ಕು ಹಡಗುಗಳಲ್ಲಿ ಅವನ ರಾಯಭಾರಿಗಳು ಇಸ್ತಾಂಬುಲ್‌ನ ತುರ್ಕಿ ಸುಲ್ತಾನನ ಬಳಿಗೆ ಹೊರಟಿದ್ದರು. ಬಸ್ರಾ ಬಂದರಿನಲ್ಲಿ ನಮಗೆ ಜಾಗ ಕೊಡಿ, ಮಂಗಳೂರಲ್ಲಿ ನಿಮಗೆ ಕೊಡುತ್ತೇವೆ ಅನ್ನೋ ಲೆಕ್ಕ. ದಾರಿಯಲ್ಲಿ ಹಡಗುಗಳು ಹಾಳಾದವು, ತುಂಬಾ ಜನ ಸತ್ತರು, ಯುದ್ಧಕ್ಕೆ ಬೇಕಾದ ನೆರವು ಸಿಗಲೇ ಇಲ್ಲ. ನನಗನ್ನಿಸುವುದು ಇಷ್ಟೇ: ಇಸ್ತಾಂಬುಲ್‌ಗೆ ಪಟ್ಟ ಶ್ರಮದ ಕಾಲು ಭಾಗ ಹೈದರಾಬಾದಿಗೂ ಪುಣೆಗೂ ಪಟ್ಟಿದ್ದರೆ ಕತೆ ಬೇರೆ ಇರುತ್ತಿತ್ತೇನೋ.

ಮಧ್ಯಾಹ್ನ ಹೆದ್ದಾರಿ ಪಕ್ಕದ ಮೆಸ್ಸಿನಲ್ಲಿ ಮುದ್ದೆ, ಬಸ್ಸಾರು. ಕಡಲಿಗೆ ಬೇಲಿ ಯಾಕೆ ಹಾಕೋಕೆ ಆಗಲ್ಲ ಅಂತ ಭಾವ ಬಿಡಿಸಿ ಹೇಳಿದ್ದು ಅಲ್ಲೇ. ದಡದಿಂದ 12 ನಾಟಿಕಲ್ ಮೈಲಿ ನಮ್ಮದು. 200 ಮೈಲಿವರೆಗೆ ಮೀನು, ತೈಲ ನಮ್ಮದು. ಆದರೆ ಅಲ್ಲಿ ಹಡಗು ಓಡಿಸೋಕೆ ಯಾರೂ ಅಪ್ಪಣೆ ಕೇಳಬೇಕಿಲ್ಲ. ದೇಶದಿಂದ ದೇಶಕ್ಕೆ ಹೋಗುವ 300 ಟನ್ ಮೇಲ್ಪಟ್ಟ ಹಡಗುಗಳು ತಾವು ಎಲ್ಲಿದ್ದೇವೆ ಅಂತ ಯಂತ್ರದ ಮೂಲಕ ಹೇಳುತ್ತಲೇ ಇರಬೇಕು. ಸಣ್ಣ ದೋಣಿಗೆ ಆ ಕಟ್ಟುಪಾಡಿಲ್ಲ. 2008ರಲ್ಲಿ ಮುಂಬೈ ಮೇಲೆ ದಾಳಿ ಮಾಡಿದವರು ಬಂದಿದ್ದು 'ಕುಬೇರ್' ಎಂಬ ಮೀನುಗಾರಿಕೆ ದೋಣಿಯನ್ನು ವಶ ಮಾಡಿಕೊಂಡೇ ಅಲ್ವಾ.

ಒಬ್ಬರ ಕಣ್ಣಿಗೆ ಬಿದ್ದದ್ದನ್ನು ಇನ್ನೊಬ್ಬರು ಹೇಳದಿದ್ದರೆ ಕಾವಲು ಆಗಲ್ಲ. ಅದಕ್ಕೇ 2018ರ ಡಿಸೆಂಬರ್‌ನಲ್ಲಿ ಗುರುಗ್ರಾಮದಲ್ಲಿ ನೌಕಾಪಡೆ ಒಂದು ಮಾಹಿತಿ ಕೇಂದ್ರ ತೆರೆಯಿತು. ಬೇರೆ ದೇಶದ ಅಧಿಕಾರಿಗಳೂ ಅಲ್ಲಿ ಕೂತು ಹಡಗುಗಳ ಓಡಾಟ ನೋಡುತ್ತಾರೆ. ಗುರುಗ್ರಾಮಕ್ಕಿಂತ ನಮ್ಮ ಮಂಡ್ಯವೇ ಕಡಲಿಗೆ ಎಷ್ಟೋ ಹತ್ತಿರ! ಭಾರತ, ಶ್ರೀಲಂಕಾ, ಮಾಲ್ಡೀವ್ಸ್ 2011ರಲ್ಲಿ ಶುರು ಮಾಡಿದ ಕಡಲ ಭದ್ರತೆಯ ಮಾತುಕತೆ ಈಗ ಕೊಲಂಬೊ ಭದ್ರತಾ ಸಮಾವೇಶ ಅಂತಾಗಿದೆ. ಮಾರಿಷಸ್, ಬಾಂಗ್ಲಾದೇಶ ಆಮೇಲೆ ಸೇರಿದವು. 2023ರ ಡಿಸೆಂಬರ್ ಸಭೆಗೆ ಮಾಲ್ಡೀವ್ಸ್ ಬರಲಿಲ್ಲ. ಅಲ್ಲಿ ಆಗ ಭಾರತದ ಸೈನಿಕರನ್ನು ವಾಪಸ್ ಕಳಿಸುವ ಮಾತು ಜೋರಾಗಿತ್ತು. "ಮುನಿಸ್ಕೊಂಡ್ರು ಅಂತ ಕುರ್ಚಿ ಎತ್ತಿಡಲಿಲ್ಲ ನೋಡು" ಅಂದರು ಭಾವ. 2025ರ ನವೆಂಬರ್‌ನಲ್ಲಿ ದೆಹಲಿಯಲ್ಲಿ ಸೇರಿದಾಗ ಮಾಲ್ಡೀವ್ಸ್ ಬಂದಿತ್ತು. ಸೇಶೆಲ್ಸ್ ಕೂಡ ಪೂರ್ಣ ಸದಸ್ಯನಾಯಿತು.

ತದಡಿಯ ಅದೇ ಕರಾವಳಿಯ ಕಾರವಾರದಿಂದ 2025ರ ಏಪ್ರಿಲ್ 5ರಂದು ನಮ್ಮ ನೌಕಾಪಡೆಯ ಹಡಗು ಐಎನ್‌ಎಸ್ ಸುನಯನಾ ಹೊರಟಿತು. ಅದರಲ್ಲಿ ಒಂಬತ್ತು ದೇಶಗಳ 44 ನಾವಿಕರಿದ್ದರು. ಕೀನ್ಯಾದವರು, ಶ್ರೀಲಂಕಾದವರು, ಮಾಲ್ಡೀವ್ಸಿನವರು ನಮ್ಮವರ ಜೊತೆ ಒಂದೇ ಹಡಗಿನಲ್ಲಿ ಪಾಳಿ ಮೇಲೆ ಕೆಲಸ ಮಾಡಿದರು. ದೊಡ್ಡವರ ಸಭೆಗಿಂತ ಇದೇ ಜಾಸ್ತಿ ಬಾಳಿಕೆ ಬರುತ್ತೆ ಅನ್ನೋದು ಭಾವನ ವಾದ. "ಜೊತೇಲಿ ಉಂಡೋನು ಫೋನ್ ಎತ್ತೇ ಎತ್ತಾನೆ ಕಣಯ್ಯ."

ಅಲ್ಲಿಂದ ಸಾರಿಗೆ ಬಸ್ ಹತ್ತಿ ಮೈಸೂರಿಗೆ. ಅರಮನೆಯಲ್ಲಿ ಜನಜಾತ್ರೆ, ಬರಿಗಾಲಲ್ಲಿ ನೂಕಾಟ. ನಾವು ಹುಡುಕಿದ್ದು ಗಂಡಭೇರುಂಡ ಒಂದನ್ನೇ. ಐಎನ್‌ಎಸ್ ಮೈಸೂರು ಯುದ್ಧನೌಕೆಯ ಲಾಂಛನದಲ್ಲೂ ಇದೇ ಎರಡು ತಲೆಯ ಹಕ್ಕಿ. ಮೊದಲ 'ಮೈಸೂರು' 1957ರಿಂದ 1985ರವರೆಗೆ ಇತ್ತು. ಈಗಿನದು 1999ರಲ್ಲಿ ಸೇರಿದ್ದು. ಆ ಹಡಗಿನಲ್ಲಿ ಕೆಲಸ ಸಿಗಲಿಲ್ಲ ಅನ್ನೋ ಕೊರಗು ಭಾವನಿಗೆ ಇವತ್ತಿಗೂ ಇದೆ.

2008ರ ಡಿಸೆಂಬರ್‌ನಲ್ಲಿ ಯೆಮೆನ್ ಬಳಿಯ ಏಡನ್ ಕೊಲ್ಲಿಯಲ್ಲಿ ಇಥಿಯೋಪಿಯಾದ ಒಂದು ಹಡಗಿಗೆ ಕಡಲ್ಗಳ್ಳರು ಮುತ್ತಿದಾಗ ಓಡಿ ಬಂದಿದ್ದು ಈ 'ಮೈಸೂರು'. 23 ಜನ ಸಿಕ್ಕಿಬಿದ್ದರು. ಹಿಡಿದದ್ದೇನೋ ಆಯಿತು, ಕಳಿಸುವುದು ಎಲ್ಲಿಗೆ? ಅವರಲ್ಲಿ ಸೊಮಾಲಿಯಾದವರಿದ್ದರು, ಯೆಮೆನ್‌ನವರಿದ್ದರು. ಆಗ ನಮ್ಮಲ್ಲಿ ಕಡಲ್ಗಳ್ಳತನಕ್ಕೆ ಅಂತಲೇ ಒಂದು ಕಾನೂನು ಇರಲಿಲ್ಲ. ಕೊನೆಗೆ ಯೆಮೆನ್ ಅಧಿಕಾರಿಗಳಿಗೆ ಒಪ್ಪಿಸಿದರು. ಸಂಸತ್ತು ಅಂಥ ಕಾನೂನಿಗೆ ಒಪ್ಪಿದ್ದು 2022ರ ಡಿಸೆಂಬರ್‌ನಲ್ಲಿ. 2024ರ ಮಾರ್ಚ್‌ನಲ್ಲಿ 'ರುಯೆನ್' ಹಡಗನ್ನು ಬಿಡಿಸಿದಾಗ 35 ಕಡಲ್ಗಳ್ಳರನ್ನು ಮುಂಬೈಗೇ ತಂದು ಪೊಲೀಸರಿಗೆ ಕೊಟ್ಟರು.

"ಆವತ್ತು ಯೆಮೆನ್‌ಗೆ ಕೊಟ್ಟಿದ್ದು ತಪ್ಪೇನಲ್ಲ ಬಿಡಿ ಭಾವ" ಅಂದೆ. ಅವರು ಅರಮನೆ ಹೊರಗೆ ಚಪ್ಪಲಿ ಹುಡುಕುತ್ತಿದ್ದರು.

"ಆವತ್ತು ಸರಿ. ಈಗ ಅಲ್ಲಿ ರಾಜಧಾನಿ ಸನಾ ಹೌತಿ ಬಂಡುಕೋರರ ಕೈಲಿ, ಏಡನ್ ಅವರ ವಿರೋಧಿಗಳ ಕೈಲಿ. ಈಗಾಗಿದ್ರೆ ಯಾರ ಕೈಗೆ ಕೊಡ್ತಿದ್ರು, ನೀನೇ ಹೇಳು."